ಕಾರು ಅಪಘಾತದ ನಂತರ ಭುಜನೋವು: ಕೈರೊಪ್ರಾಕ್ಟಿಕ್ ಚಿಕಿತ್ಸೆಯಿಂದ ಏನಾದೀತು, ಏನಾಗದು?

ಅಪಘಾತವೆಂದರೆ ನಮ್ಮ ಕಣ್ಣ ಮುಂದೆ ಬರುವುದು ರಕ್ತ, ಮುರಿದ ಕಾಲು, ತಲೆಗೆ ಹಾಕಿದ ಹೊಲಿಗೆ. ಇವು ಯಾವುವೂ ಇಲ್ಲದಿದ್ದರೆ "ಸದ್ಯ, ದೊಡ್ಡದೇನೂ ಆಗಲಿಲ್ಲ" ಎಂದು ನಿಟ್ಟುಸಿರು ಬಿಡುತ್ತೇವೆ. ಆದರೆ ಕಾರು ಅಪಘಾತದಲ್ಲಿ ಹೊರಗೆ ಒಂದು ಗೀರೂ ಕಾಣದೆ ಒಳಗೆ ಪೆಟ್ಟು ತಿನ್ನುವ ಅಂಗಗಳಲ್ಲಿ ಭುಜವೂ ಒಂದು. ಅಂದು ಲಕ್ಷ್ಯಕ್ಕೆ ಬಾರದ ಆ ಪೆಟ್ಟು ಮುಂದೆ ತಿಂಗಳುಗಟ್ಟಲೆ ನಿದ್ದೆ ಕೆಡಿಸುವುದುಂಟು.

ನಮ್ಮ ಬಳಗದ ಹಿರಿಯರೊಬ್ಬರಿಗೆ ಹೀಗೆಯೇ ಆಯಿತು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅವರು ಕುಳಿತಿದ್ದ ಕಾರು ರಸ್ತೆಯ ವಿಭಜಕಕ್ಕೆ ಬಡಿಯಿತು. ಮುಂದಿನ ಎಡ ಸೀಟಿನಲ್ಲಿ ಬೆಲ್ಟ್ ಹಾಕಿ ಕುಳಿತಿದ್ದ ಅವರು ತಾವೇ ಬಾಗಿಲು ತೆರೆದು ಇಳಿದು ಬಂದರು. ಎಡ ಭುಜದಲ್ಲಿ ಸ್ವಲ್ಪ ನೋವಿತ್ತು. ಎಕ್ಸ್‌ರೇ ತೆಗೆಸಿದಾಗ ಎಲುಬು ಮುರಿದಿಲ್ಲ ಎಂದು ತಿಳಿಯಿತು. ಎರಡು ವಾರ ಬಿಟ್ಟು ಪುನಃ ಬರಬೇಕೆಂದು ವೈದ್ಯರು ಹೇಳಿದ್ದರು. ಎಲುಬು ಮುರಿದಿಲ್ಲವಾದ್ದರಿಂದ ಅವರು ಹೋಗಲಿಲ್ಲ. ಬದಲಿಗೆ ಉಳುಕು ತೆಗೆಯುವವರಲ್ಲಿ ಮೂರು ವಾರ ಎಣ್ಣೆ ತಿಕ್ಕಿಸಿಕೊಂಡರು, ಕೈ ಎಳೆಸಿಕೊಂಡರು. ಕೆನಡಾದಲ್ಲಿರುವ ಮಗ ಫೋನ್ ಮಾಡಿದಾಗಲೆಲ್ಲ, "ಪಪ್ಪಾ, ಇಲ್ಲಿ ಎಲ್ಲರೂ ಕೈರೊಪ್ರಾಕ್ಟರ್ ಹತ್ತಿರ ಹೋಗುತ್ತಾರೆ, ನೀವೂ ಅಂಥವರನ್ನು ನೋಡಿ" ಎನ್ನುತ್ತಿದ್ದ. ಮೂರು ತಿಂಗಳ ಬಳಿಕ ಎಂ.ಆರ್.ಐ. ಮಾಡಿಸಿದಾಗ ಭುಜದೊಳಗಿನ ಸ್ನಾಯುರಜ್ಜು ಹರಿದಿರುವುದು ಗೊತ್ತಾಯಿತು. ಇಂದಿಗೂ ಅವರು ಮೇಲಿನ ಕಪಾಟಿನಿಂದ ಡಬ್ಬ ತೆಗೆಯಬೇಕಾದರೆ ಬಲಗೈಯನ್ನೇ ಬಳಸಬೇಕು.

"ಮಗ ಹೇಳಿದ ಆ ಕೈರೊಪ್ರಾಕ್ಟಿಕ್ ಎಂದರೆ ಏನು? ಮೊದಲೇ ಅಲ್ಲಿಗೆ ಹೋಗಿದ್ದರೆ ಸರಿಯಾಗುತ್ತಿತ್ತೇ?" ಎಂದು ಅವರು ನಮ್ಮನ್ನು ಕೇಳಿದರು. ವಿದೇಶದಲ್ಲಿ ಮಕ್ಕಳಿರುವ ಅನೇಕ ಮನೆಗಳಲ್ಲಿ ಈ ಪ್ರಶ್ನೆ ಇದೆ. ಮೊಬೈಲಿನಲ್ಲಿ ಕುತ್ತಿಗೆಯನ್ನು 'ಟಕ್' ಎಂದು ತಿರುಗಿಸುವ ವೀಡಿಯೊಗಳನ್ನು ನೋಡಿದವರಲ್ಲಿಯೂ ಇದೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಭುಜಕ್ಕೆ ಏಕೆ ಪೆಟ್ಟಾಗುತ್ತದೆ?

ನಮ್ಮ ದೇಹದಲ್ಲಿ ಅತಿ ಹೆಚ್ಚು ದಿಕ್ಕುಗಳಲ್ಲಿ ತಿರುಗಬಲ್ಲ ಕೀಲು ಭುಜದ್ದು. ತೋಳಿನ ಎಲುಬಿನ ತಲೆ ದೊಡ್ಡ ಚೆಂಡಿನಂತಿದೆ. ಅದು ಕುಳಿತುಕೊಳ್ಳುವ ಹೆಗಲ ಹಲಗೆಯ ಗುಳಿ ಮಾತ್ರ ಚಿಕ್ಕದು, ಆಳವೂ ಇಲ್ಲ. ಸಣ್ಣ ತಟ್ಟೆಯ ಮೇಲೆ ನಿಂಬೆಹಣ್ಣು ಇಟ್ಟಂತೆ ಎನ್ನಬಹುದು. ಸೊಂಟದ ಕೀಲಿನಲ್ಲಿ ಗುಳಿ ಆಳವಾಗಿರುವುದರಿಂದ ಎಲುಬೇ ಎಲುಬನ್ನು ಹಿಡಿದಿಡುತ್ತದೆ. ಭುಜದಲ್ಲಿ ಹಿಡಿದಿಡುವ ಕೆಲಸ ಬಹುಪಾಲು ಸ್ನಾಯುಗಳದ್ದು ಮತ್ತು ಸ್ನಾಯುರಜ್ಜುಗಳದ್ದು. ಇವುಗಳಲ್ಲಿ ಮುಖ್ಯವಾದ ನಾಲ್ಕು ಸ್ನಾಯುಗಳ ಗುಂಪಿಗೆ ರೊಟೇಟರ್ ಕಫ್ ಎಂದು ಹೆಸರು. ಬಾವಿಯಿಂದ ನೀರು ಸೇದುವುದು, ತಲೆ ಬಾಚುವುದು, ಬಸ್ಸಿನಲ್ಲಿ ಮೇಲಿನ ಸರಳು ಹಿಡಿಯುವುದು ಎಲ್ಲಕ್ಕೂ ಇದೇ ಗುಂಪು ಬೇಕು.

ಕಾರು ಯಾವುದಕ್ಕಾದರೂ ಬಡಿದಾಗ ಈ ಕೀಲಿಗೆ ಮೂರು ವಿಧದಲ್ಲಿ ಪೆಟ್ಟು ಬೀಳಬಹುದು. ಮೊದಲನೆಯದು ಸೀಟ್ ಬೆಲ್ಟ್. ನಮ್ಮ ದೇಶದಲ್ಲಿ ಚಾಲಕನಿಗೆ ಬೆಲ್ಟ್ ಬಲ ಭುಜದ ಮೇಲಿಂದ ಬರುತ್ತದೆ, ಪಕ್ಕದವರಿಗೆ ಎಡ ಭುಜದ ಮೇಲಿಂದ. ಕೊಲ್ಲಿ ರಾಷ್ಟ್ರಗಳಲ್ಲಿ ಮತ್ತು ಅಮೆರಿಕದಲ್ಲಿ ಇದು ತಿರುವುಮುರುವು. ಮುಂದಕ್ಕೆ ಹಾರುವ ಇಡೀ ದೇಹವನ್ನು ಆ ಪಟ್ಟಿ ತಡೆಯುವಾಗ ಕಾಲರ್ ಎಲುಬು ಮತ್ತು ಭುಜದ ಮೇಲೆ ಭಾರೀ ಒತ್ತಡ ಬೀಳುತ್ತದೆ. ಹಾಗೆಂದು ಬೆಲ್ಟ್ ಬಿಡಬಾರದು. ಭುಜದ ನೋವಿಗೆ ಮದ್ದಿದೆ, ಗಾಜು ಒಡೆದು ಹೊರಗೆ ಬಿದ್ದವರ ತಲೆಗೆ ಬಹಳ ಸಲ ಮದ್ದಿಲ್ಲ.

ಎರಡನೆಯದು, ಬಡಿಯುವ ಕ್ಷಣದಲ್ಲಿ ಸ್ಟೀರಿಂಗನ್ನು ಅಥವಾ ಡ್ಯಾಶ್‌ಬೋರ್ಡನ್ನು ಬಿಗಿಯಾಗಿ ಒತ್ತಿ ಹಿಡಿಯುವುದು. ಆಗ ಪೆಟ್ಟಿನ ಬಲ ಅಂಗೈಯಿಂದ ತೋಳಿನ ಮೂಲಕ ನೇರವಾಗಿ ಭುಜಕ್ಕೆ ಏರುತ್ತದೆ. ಮೂರನೆಯದು ಕುತ್ತಿಗೆಯ ಜಗ್ಗು. ಹಿಂದಿನಿಂದ ವಾಹನ ಗುದ್ದಿದಾಗ ತಲೆ ಚಾಟಿಯಂತೆ ಹಿಂದಕ್ಕೂ ಮುಂದಕ್ಕೂ ಬೀಸಲ್ಪಡುತ್ತದೆ. ಇದನ್ನು ವಿಪ್‌ಲ್ಯಾಷ್ ಎನ್ನುತ್ತಾರೆ. ಭುಜಕ್ಕೂ ತೋಳಿಗೂ ಹೋಗುವ ನರಗಳು ಕುತ್ತಿಗೆಯಿಂದಲೇ ಹೊರಡುವುದರಿಂದ, ಕುತ್ತಿಗೆಗೆ ಆದ ಗಾಯ ಭುಜದ ನೋವಾಗಿ ಕಾಣಿಸಿಕೊಳ್ಳಬಹುದು.

ನೋವು ಅಂದೇ ಬರಬೇಕೆಂದಿಲ್ಲ. ಅಪಘಾತದ ಗಾಬರಿಯಲ್ಲಿ ದೇಹ ನೋವನ್ನು ತಡೆಹಿಡಿಯುತ್ತದೆ. ಊತ ನಿಧಾನವಾಗಿ ಏರುತ್ತದೆ. ಆದುದರಿಂದ ಮರುದಿನ ಬೆಳಿಗ್ಗೆ ಅಥವಾ ಎರಡು ಮೂರು ದಿನಗಳ ಬಳಿಕ ಕೈ ಎತ್ತಲಾಗದೆ ಏಳುವವರು ಇದ್ದಾರೆ.

ನೋವು ಭುಜದ್ದೇ ಆಗಿರಬೇಕೆಂದಿಲ್ಲ

ಅಪಘಾತದ ನಂತರದ ಭುಜನೋವಿನ ಹಿಂದೆ ಅನೇಕ ಕಾರಣಗಳಿರಬಹುದು. ಕಾಲರ್ ಎಲುಬು ಮುರಿದಿರಬಹುದು, ಕೀಲು ತಪ್ಪಿರಬಹುದು, ರೊಟೇಟರ್ ಕಫ್ ಹರಿದಿರಬಹುದು, ಕಾಲರ್ ಎಲುಬು ಮತ್ತು ಹೆಗಲ ಹಲಗೆ ಸೇರುವಲ್ಲಿನ ಬಂಧ ಸಡಿಲವಾಗಿರಬಹುದು, ಕುತ್ತಿಗೆಯ ನರ ಒತ್ತಿರಬಹುದು. ಬರೇ ಸ್ನಾಯು ಬಿಗಿದುಕೊಂಡಿರಲೂಬಹುದು. ಈ ಪ್ರತಿಯೊಂದಕ್ಕೂ ಚಿಕಿತ್ಸೆ ಬೇರೆ ಬೇರೆ. ಒಂದಕ್ಕೆ ಒಳ್ಳೆಯದಾದದ್ದು ಇನ್ನೊಂದಕ್ಕೆ ಕೆಡುಕು.

ಇನ್ನೂ ಒಂದು ಮಾತನ್ನು ಎಲ್ಲರೂ ನೆನಪಿಡಬೇಕು. ಹೊಟ್ಟೆಯ ಎಡ ಮೇಲ್ಭಾಗದಲ್ಲಿ ಗುಲ್ಮ ಎಂಬ ಅಂಗವಿದೆ. ಅಪಘಾತದಲ್ಲಿ ಅದು ಸೀಳಿ ಒಳಗೇ ರಕ್ತ ಸೋರಿದರೆ ಆ ರಕ್ತ ವಪೆಯನ್ನು ಕೆಣಕುತ್ತದೆ. ವಪೆಯ ನರ ಕುತ್ತಿಗೆಯಿಂದ ಬಂದಿರುವುದರಿಂದ ನೋವು ಎಡ ಭುಜದ ತುದಿಯಲ್ಲಿ ಅನ್ನಿಸುತ್ತದೆ. ಭುಜ ಮುಟ್ಟಿದರೆ ನೋವಿಲ್ಲ, ಕೈ ಆಡಿಸಿದರೂ ನೋವು ಹೆಚ್ಚಾಗುವುದಿಲ್ಲ, ಆದರೂ ಭುಜದ ತುದಿ ನೋಯುತ್ತಿದೆ, ಹೊಟ್ಟೆ ಬಿಗಿಯಾಗಿದೆ, ಬೆವರು ಬರುತ್ತಿದೆ, ತಲೆ ತಿರುಗುತ್ತಿದೆ ಎಂದಾದರೆ ಒಂದು ನಿಮಿಷವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಎದೆನೋವಿನ ಜತೆ ಎಡ ಭುಜ ನೋಯುತ್ತಿದ್ದರೆ ಹೃದಯವನ್ನೂ ಪರೀಕ್ಷಿಸಬೇಕು. ಅಂಥ ಹೊತ್ತಿನಲ್ಲಿ ಎಣ್ಣೆ ತಿಕ್ಕುತ್ತಾ ಕುಳಿತರೆ ಜೀವಕ್ಕೇ ಅಪಾಯ.

ಕೈರೊಪ್ರಾಕ್ಟಿಕ್ ಹುಟ್ಟಿ ಬೆಳೆದ ಬಗೆ

ಇನ್ನು ಆ ಹಿರಿಯರ ಪ್ರಶ್ನೆಗೆ ಬರೋಣ. ಕೈರೊಪ್ರಾಕ್ಟಿಕ್ ಎಂಬುದು ಗ್ರೀಕ್ ಮೂಲದ ಪದ. ಕೈಯಿಂದ ಮಾಡುವ ಕೆಲಸ ಎಂದು ಅರ್ಥ. ಅಮೆರಿಕದ ಅಯೋವ ರಾಜ್ಯದ ಡ್ಯಾವನ್‌ಪೋರ್ಟ್ ಎಂಬ ಊರಿನಲ್ಲಿ 1895ರ ಸೆಪ್ಟೆಂಬರ್‌ನಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬವರು ಇದನ್ನು ಆರಂಭಿಸಿದರು. ಕಿವಿ ಸರಿಯಾಗಿ ಕೇಳದ ಹಾರ್ವೆ ಲಿಲ್ಲಾರ್ಡ್ ಎಂಬವರ ಬೆನ್ನುಮೂಳೆಯನ್ನು ತಾನು ಒತ್ತಿದಾಗ ಅವರಿಗೆ ಕೇಳಿಸತೊಡಗಿತು ಎಂದು ಪಾಮರ್ ಹೇಳಿಕೊಂಡರು. ಬೆನ್ನುಮೂಳೆ ಅತ್ತಿತ್ತ ಸರಿಯುವುದೇ ಬಹುತೇಕ ಎಲ್ಲಾ ರೋಗಗಳಿಗೂ ಕಾರಣ ಎಂಬುದು ಅವರ ವಾದವಾಗಿತ್ತು. ಈ ವಾದವನ್ನು ವೈದ್ಯ ವಿಜ್ಞಾನ ಒಪ್ಪಿಲ್ಲ. ಪರವಾನಗಿ ಇಲ್ಲದೆ ವೈದ್ಯವೃತ್ತಿ ಮಾಡಿದ್ದಕ್ಕಾಗಿ 1906ರಲ್ಲಿ ಪಾಮರ್ ಜೈಲಿಗೂ ಹೋದರು.

ಆದರೆ ಆ ಪದ್ಧತಿ ಅಲ್ಲಿಗೆ ನಿಲ್ಲಲಿಲ್ಲ. 1913ರಲ್ಲಿ ಕಾನ್ಸಾಸ್ ರಾಜ್ಯ ಇದಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿತು. 1974ರಲ್ಲಿ ಲೂಸಿಯಾನ ರಾಜ್ಯವೂ ಒಪ್ಪುವುದರೊಂದಿಗೆ ಅಮೆರಿಕದ ಎಲ್ಲಾ ರಾಜ್ಯಗಳಲ್ಲಿ ಮಾನ್ಯತೆ ಸಿಕ್ಕಿತು. ಅಮೆರಿಕದ ವೈದ್ಯರ ಸಂಘ ಕೈರೊಪ್ರಾಕ್ಟರುಗಳನ್ನು ದೂರವಿಡಲು ನಡೆಸಿದ ಬಹಿಷ್ಕಾರ ಕಾನೂನುಬಾಹಿರವೆಂದು 1987ರಲ್ಲಿ ಅಲ್ಲಿನ ನ್ಯಾಯಾಲಯ ತೀರ್ಪಿತ್ತಿತು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ವೃತ್ತಿಯ ಶಿಕ್ಷಣ ಮತ್ತು ಸುರಕ್ಷತೆಯ ಬಗ್ಗೆ ಮಾರ್ಗಸೂಚಿ ಪ್ರಕಟಿಸಿತು. ಪೂರ್ಣ ಶಿಕ್ಷಣಕ್ಕೆ ಕನಿಷ್ಠ 4,200 ಗಂಟೆಗಳ ಪಾಠ, ಅದರಲ್ಲಿ ಕನಿಷ್ಠ 1,000 ಗಂಟೆ ಮೇಲ್ವಿಚಾರಣೆಯಲ್ಲಿ ರೋಗಿಗಳ ತಪಾಸಣೆ ಇರಬೇಕೆಂದು ಅದರಲ್ಲಿದೆ.

ಅಂದರೆ ಅಮೆರಿಕ, ಕೆನಡಾದಂಥ ದೇಶಗಳಲ್ಲಿ ಕೈರೊಪ್ರಾಕ್ಟರ್ ಎಂದರೆ ಹಲವು ವರ್ಷ ಓದಿ, ಪರೀಕ್ಷೆ ಬರೆದು, ಪರವಾನಗಿ ಪಡೆದವರು. ಅಲ್ಲಿ ವಾಹನ ವಿಮೆಯೂ ಈ ಚಿಕಿತ್ಸೆಗೆ ಹಣ ಕೊಡುವುದುಂಟು. ಕೆನಡಾದ ಒಂಟಾರಿಯೊದಲ್ಲಿ ಅಪಘಾತದ ಸಣ್ಣ ಗಾಯಗಳಿಗೆಂದು ಇರುವ 3,500 ಡಾಲರ್ ಮಿತಿಯ ವಿಮಾ ವ್ಯವಸ್ಥೆಯಲ್ಲಿ ಕೈರೊಪ್ರಾಕ್ಟರ್ ಚಿಕಿತ್ಸೆಯೂ ಸೇರಿದೆ. ದುಬೈಯಲ್ಲಿಯೂ ಆರೋಗ್ಯ ಪ್ರಾಧಿಕಾರದ ಪರವಾನಗಿ ಪಡೆದೇ ಅವರು ಕೆಲಸ ಮಾಡಬೇಕು. ಮಗ ಫೋನಿನಲ್ಲಿ ಹೇಳಿದ್ದು ಅವನಿರುವ ಜಾಗದ ಮಟ್ಟಿಗೆ ಸರಿಯೇ.

ನಮ್ಮ ದೇಶದ ಪರಿಸ್ಥಿತಿ ಬೇರೆ. ವೈದ್ಯರಿಗೆ ಇರುವಂತೆ ಕೈರೊಪ್ರಾಕ್ಟರುಗಳನ್ನು ನೋಂದಾಯಿಸುವ ಪ್ರತ್ಯೇಕ ಶಾಸನಬದ್ಧ ಮಂಡಳಿ ಇಲ್ಲಿ ಇಲ್ಲ. ವಿದೇಶದಲ್ಲಿ ಓದಿ ಬಂದ ಕೆಲವರು ದೊಡ್ಡ ನಗರಗಳಲ್ಲಿ ಇದ್ದಾರೆ. ಆದರೆ ಕೆಲವು ದಿನಗಳ ತರಬೇತಿ ಪಡೆದವರೂ ಅದೇ ಹೆಸರಿನ ಬೋರ್ಡು ಹಾಕಬಹುದು. ಯಾರು ಯಾರೆಂದು ತಿಳಿಯುವ ಹೊಣೆ ರೋಗಿಯ ತಲೆಯ ಮೇಲೆಯೇ ಬೀಳುತ್ತದೆ.

ಅವರು ಮಾಡುವುದೇನು?

ಸರಿಯಾಗಿ ಕಲಿತ ಕೈರೊಪ್ರಾಕ್ಟರ್ ಮೊದಲ ಭೇಟಿಯಲ್ಲಿ ಬಹುಹೊತ್ತು ಕೇಳುತ್ತಾರೆ, ಪರೀಕ್ಷಿಸುತ್ತಾರೆ. ಅಪಘಾತ ಹೇಗಾಯಿತು, ಎಲ್ಲಿ ಕುಳಿತಿದ್ದಿರಿ, ಕೈ ಜುಮ್ಮೆನ್ನುತ್ತದೆಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ವಿಚಾರಿಸುತ್ತಾರೆ. ಎಕ್ಸ್‌ರೇ ನೋಡದೆ ಮುಂದುವರಿಯಲಾಗದು ಎಂದನಿಸಿದರೆ ವೈದ್ಯರ ಬಳಿ ಕಳುಹಿಸುತ್ತಾರೆ.

ಅನಂತರದ ಚಿಕಿತ್ಸೆಯಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ಕೀಲನ್ನು ನಿಧಾನವಾಗಿ, ಲಯಬದ್ಧವಾಗಿ ಆಡಿಸುವುದು ಒಂದು. ಕುತ್ತಿಗೆ ಅಥವಾ ಬೆನ್ನಿನ ಮೇಲ್ಭಾಗದ ಕೀಲಿಗೆ ಚಿಕ್ಕದಾದ, ವೇಗದ ಒತ್ತು ಕೊಡುವುದು ಇನ್ನೊಂದು. ವೀಡಿಯೊಗಳಲ್ಲಿ 'ಟಕ್' ಎಂದು ಕೇಳುವುದು ಇದೇ. ಬಿಗಿದ ಸ್ನಾಯುಗಳನ್ನು ಒತ್ತಿ ಸಡಿಲಿಸುವುದು ಮತ್ತು ವ್ಯಾಯಾಮ ಕಲಿಸುವುದು ಮೂರನೆಯದು. ಭುಜನೋವಿಗೂ ಬೆನ್ನಿನ ಮೇಲ್ಭಾಗಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಕೈಯನ್ನು ಪೂರ್ತಿ ಮೇಲೆತ್ತುವಾಗ ಹೆಗಲ ಹಲಗೆ ಪಕ್ಕೆಲುಬುಗಳ ಮೇಲೆ ಜಾರಬೇಕು, ಬೆನ್ನೂ ಸ್ವಲ್ಪ ನೆಟ್ಟಗಾಗಬೇಕು. ಬೆನ್ನು ಬಿಗಿದುಕೊಂಡವರ ಕೈ ಪೂರ್ತಿ ಮೇಲೇಳುವುದಿಲ್ಲ. ನೀವೇ ಬೆನ್ನು ಬಗ್ಗಿಸಿ ಕುಳಿತು ಕೈ ಎತ್ತಿ ನೋಡಿದರೆ ಇದು ತಿಳಿಯುತ್ತದೆ.

ಆ 'ಟಕ್' ಶಬ್ದದ ಬಗ್ಗೆ ಜನರಲ್ಲಿ ದೊಡ್ಡ ತಪ್ಪು ಕಲ್ಪನೆಯಿದೆ. ಸರಿದ ಎಲುಬು ಜಾಗಕ್ಕೆ ಕುಳಿತ ಶಬ್ದ ಅದಲ್ಲ. ಕೀಲಿನೊಳಗೆ ಇರುವ ದ್ರವದಲ್ಲಿ ಒತ್ತಡ ಏಕಾಏಕಿ ಇಳಿದಾಗ ಅನಿಲದ ಗುಳ್ಳೆ ಉಂಟಾಗುತ್ತದೆ. ಶಬ್ದ ಆ ಕ್ಷಣದ್ದು ಎಂದು 2015ರಲ್ಲಿ ಕೆನಡಾದ ಸಂಶೋಧಕರು ಬೆರಳು ನಟಿಕೆ ಮುರಿಯುವಾಗ ಎಂ.ಆರ್.ಐ. ಚಿತ್ರ ತೆಗೆದು ತೋರಿಸಿದ್ದಾರೆ. ಆದುದರಿಂದ ಶಬ್ದ ಬಂದರೆ ಗುಣ, ಬಾರದಿದ್ದರೆ ಇಲ್ಲ ಎಂದು ತಿಳಿಯಬೇಕಾಗಿಲ್ಲ.

ಪ್ರಯೋಜನ ಎಷ್ಟು?

ಎಲುಬು ಮುರಿಯದೆ, ಕೀಲು ತಪ್ಪದೆ, ಸ್ನಾಯುರಜ್ಜು ಹರಿಯದೆ ಉಳಿದ ಭುಜ ಹಾಗೂ ಕುತ್ತಿಗೆಯ ನೋವಿಗೆ ಕೈಯಿಂದ ಮಾಡುವ ಚಿಕಿತ್ಸೆ ಸ್ವಲ್ಪ ಮಟ್ಟಿಗೆ ಉಪಯುಕ್ತ. ವ್ಯಾಯಾಮದ ಜತೆ ಸೇರಿದಾಗ ಪ್ರಯೋಜನ ಹೆಚ್ಚು. 2004ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಒಂದು ಪ್ರಯೋಗವನ್ನು ಇಲ್ಲಿ ಹೇಳಬಹುದು. ಭುಜನೋವಿನ 150 ಜನರಲ್ಲಿ ಒಂದು ಗುಂಪಿಗೆ ವೈದ್ಯರ ಎಂದಿನ ಚಿಕಿತ್ಸೆ ಮಾತ್ರ, ಇನ್ನೊಂದು ಗುಂಪಿಗೆ ಅದರ ಜತೆಗೆ ಕುತ್ತಿಗೆ, ಬೆನ್ನಿನ ಮೇಲ್ಭಾಗ ಮತ್ತು ಪಕ್ಕೆಲುಬುಗಳ ಕೀಲುಗಳಿಗೆ ಕೈಚಿಕಿತ್ಸೆ ಕೊಟ್ಟರು. 12 ವಾರಗಳ ಬಳಿಕ ಪೂರ್ತಿ ಗುಣವಾಯಿತೆಂದವರು ಮೊದಲ ಗುಂಪಿನಲ್ಲಿ ನೂರಕ್ಕೆ 21, ಎರಡನೆಯದರಲ್ಲಿ ನೂರಕ್ಕೆ 43.

ಇದು ಒಳ್ಳೆಯ ಫಲಿತಾಂಶವೇ. ಆದರೆ ಎರಡು ವಿಷಯ ಗಮನಿಸಬೇಕು. ಕೈಚಿಕಿತ್ಸೆ ಪಡೆದವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿಗೆ 12 ವಾರಗಳಲ್ಲಿ ಪೂರ್ತಿ ಗುಣವಾಗಲಿಲ್ಲ. ಮತ್ತು ಇದು ಅಪಘಾತದಲ್ಲಿ ಎಲುಬು ಮುರಿದವರ ಅಥವಾ ಸ್ನಾಯುರಜ್ಜು ಹರಿದವರ ಮೇಲೆ ನಡೆದ ಪ್ರಯೋಗವಲ್ಲ. ಹರಿದ ಸ್ನಾಯುರಜ್ಜನ್ನು ಯಾರ ಕೈಯೂ ಒತ್ತಿ ಸೇರಿಸಲಾರದು. ಮುರಿದ ಎಲುಬನ್ನು ಒತ್ತಿದರೆ ಇನ್ನಷ್ಟು ಕೆಡುತ್ತದೆ. ನಮ್ಮ ಹಿರಿಯರಿಗೆ ನಾವು ಕೊಟ್ಟ ಉತ್ತರವೂ ಇದೇ: ಒಳ್ಳೆಯ ಕೈರೊಪ್ರಾಕ್ಟರ್ ಸಿಕ್ಕಿದ್ದರೂ ಅವರು ಮಾಡಬಹುದಾಗಿದ್ದ ಅತಿ ದೊಡ್ಡ ಉಪಕಾರವೆಂದರೆ, ಮುಟ್ಟದೆ ನಿಮ್ಮನ್ನು ಎಲುಬು ತಜ್ಞರ ಬಳಿಗೆ ಕಳುಹಿಸುವುದು.

ವಿಪ್‌ಲ್ಯಾಷ್ ವಿಷಯದಲ್ಲಿ 1995ರಲ್ಲಿ ಕೆನಡಾದ ಕ್ವಿಬೆಕ್‌ನ ತಜ್ಞರ ಸಮಿತಿ ಕೊಟ್ಟ ವರದಿ ಇಂದಿಗೂ ಮುಖ್ಯವಾದುದು. ಗಂಭೀರ ಗಾಯವಿಲ್ಲವೆಂದು ಖಚಿತವಾದ ಮೇಲೆ ಕುತ್ತಿಗೆಗೆ ಬಹುಕಾಲ ಪಟ್ಟಿ ಕಟ್ಟಿ ಮಲಗುವುದಕ್ಕಿಂತ ಆದಷ್ಟು ಬೇಗ ಎಂದಿನ ಚಲನೆಗೆ ಮರಳುವುದು ಒಳ್ಳೆಯದು ಎಂಬುದು ಅದರ ಸಾರ.

ಅಪಾಯಗಳು

ಒತ್ತಿಸಿಕೊಂಡ ಬಳಿಕ ಒಂದೆರಡು ದಿನ ಮೈಕೈ ನೋವು ಹೆಚ್ಚಾಗುವುದು ಸಾಮಾನ್ಯ, ಅದಕ್ಕೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಕುತ್ತಿಗೆಯನ್ನು ರಭಸದಿಂದ ತಿರುಗಿಸುವುದಕ್ಕೆ. ಕುತ್ತಿಗೆಯ ಎಲುಬುಗಳ ನಡುವೆ ಮೆದುಳಿಗೆ ರಕ್ತ ಒಯ್ಯುವ ನಾಳಗಳಿವೆ. ಈ ನಾಳದ ಒಳಪದರ ಸೀಳಿದರೆ ಪಾರ್ಶ್ವವಾಯು ಉಂಟಾಗಬಹುದು. ಇದು ಅಪರೂಪ. ಕುತ್ತಿಗೆ ತಿರುಗಿಸಿದ್ದೇ ಕಾರಣವೇ, ಅಥವಾ ಮೊದಲೇ ಸೀಳಿದ್ದ ನಾಳದ ನೋವಿಗಾಗಿ ರೋಗಿ ಅಲ್ಲಿಗೆ ಹೋದರೇ ಎಂಬ ಚರ್ಚೆ ಇದೆ. ಹಾಗಿದ್ದರೂ ಈ ಸಂಬಂಧವನ್ನು ರೋಗಿಗೆ ಮೊದಲೇ ತಿಳಿಸಬೇಕೆಂದು ಅಮೆರಿಕದ ಹೃದ್ರೋಗ ಸಂಘ 2014ರಲ್ಲಿ ಹೇಳಿದೆ. ಅಪಘಾತದ ಜಗ್ಗಿನಲ್ಲಿಯೇ ಆ ನಾಳಕ್ಕೆ ಪೆಟ್ಟಾಗಿರುವ ಸಾಧ್ಯತೆ ಇರುವುದರಿಂದ ನಮ್ಮ ವಿಷಯದಲ್ಲಿ ಎಚ್ಚರಿಕೆ ಇನ್ನಷ್ಟು ಬೇಕು.

ಎಲುಬು ಸವೆತ ಇರುವ ವಯಸ್ಸಾದವರು, ರಕ್ತ ತೆಳ್ಳಗಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಸಂಧಿವಾತ ಇರುವವರು, ಕ್ಯಾನ್ಸರ್ ಚಿಕಿತ್ಸೆ ಪಡೆದವರು, ಕೈಯ ಬಲ ದಿನದಿಂದ ದಿನಕ್ಕೆ ಕುಂದುತ್ತಿರುವವರು ರಭಸದ ಒತ್ತನ್ನು ಮಾಡಿಸಿಕೊಳ್ಳಲೇಬಾರದು.

ನಮ್ಮೂರ ಎಣ್ಣೆ ತಿಕ್ಕುವಿಕೆಗೂ ಇದೇ ಮಾತು ಅನ್ವಯಿಸುತ್ತದೆ. ಬಿಗಿದ ಸ್ನಾಯುವಿಗೆ ಹಗುರವಾಗಿ ಎಣ್ಣೆ ಹಚ್ಚಿದರೆ ಹಿತವೇ. ಆದರೆ ಹೊಸ ಗಾಯವನ್ನು ಬಲವಾಗಿ ತಿಕ್ಕಿದರೆ ಒಳಗಿನ ರಕ್ತಸ್ರಾವ ಹೆಚ್ಚುತ್ತದೆ, ಕೆಲವೊಮ್ಮೆ ಸ್ನಾಯುವಿನೊಳಗೆ ಎಲುಬಿನಂಥ ಗಟ್ಟಿ ಪದಾರ್ಥ ಬೆಳೆಯುವುದೂ ಇದೆ. ತಪ್ಪಿದ ಕೀಲನ್ನು ಎಕ್ಸ್‌ರೇ ಇಲ್ಲದೆ ಎಳೆದರೆ ಪಕ್ಕದ ನರಕ್ಕೆ ಪೆಟ್ಟಾಗಿ ಕೈಯೇ ಸೋಲಬಹುದು.

ಮೊದಲ ದಿನಗಳಲ್ಲಿ ಏನು ಮಾಡಬೇಕು?

ಈ ಕೆಳಗಿನ ಯಾವುದೇ ಲಕ್ಷಣ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು:

1. ಭುಜದ ಆಕಾರ ಬದಲಾಗಿದೆ, ಅಥವಾ ಕಾಲರ್ ಎಲುಬಿನ ಮೇಲೆ ಉಬ್ಬು ಕಾಣುತ್ತಿದೆ.
2. ಕೈ ಅಥವಾ ಭುಜದ ಹೊರಬದಿ ಜೋಮು ಹಿಡಿದಿದೆ, ಬೆರಳುಗಳು ತಣ್ಣಗಾಗಿವೆ, ಬಿಳಿಚಿವೆ.
3. ಕೈಯನ್ನು ಸ್ವತಃ ಎತ್ತಲು ಆಗುವುದಿಲ್ಲ.
4. ಉಸಿರಾಟಕ್ಕೆ ಕಷ್ಟ, ಎದೆನೋವು, ಹೊಟ್ಟೆನೋವು ಅಥವಾ ತಲೆತಿರುಗುವಿಕೆ ಇದೆ.
5. ಹಿಂದೆಂದೂ ಬಾರದಂಥ ತಲೆನೋವು, ಎರಡೆರಡು ಕಾಣುವುದು, ಮಾತು ತೊದಲುವುದು, ನಡೆಯುವಾಗ ವಾಲುವುದು ಇದೆ.

ಕುತ್ತಿಗೆಯ ವಿಷಯದಲ್ಲಿ ಕೆನಡಾದ ವೈದ್ಯರು 2001ರಲ್ಲಿ ರೂಪಿಸಿದ ಸರಳ ನಿಯಮ ಅನೇಕ ಕಡೆ ಬಳಕೆಯಲ್ಲಿದೆ. ವಯಸ್ಸು 65 ಅಥವಾ ಹೆಚ್ಚು, ಕಾರು ಪಲ್ಟಿಯಾದಂಥ ದೊಡ್ಡ ಅಪಘಾತ, ಕೈಕಾಲು ಜುಮ್ಮೆನ್ನುವುದು – ಇವುಗಳಲ್ಲಿ ಒಂದಿದ್ದರೂ ಮೊದಲು ಎಕ್ಸ್‌ರೇ ಅಥವಾ ಸ್ಕ್ಯಾನ್ ಆಗಬೇಕು, ಆಮೇಲೆಯೇ ಉಳಿದದ್ದು.

ಎಕ್ಸ್‌ರೇಯಲ್ಲಿ ಎಲುಬು ಮಾತ್ರ ಚೆನ್ನಾಗಿ ಕಾಣುತ್ತದೆ, ಸ್ನಾಯುರಜ್ಜು ಕಾಣುವುದಿಲ್ಲ ಎಂಬುದು ಅನೇಕರಿಗೆ ತಿಳಿದಿಲ್ಲ. ಭುಜದ ಕೀಲು ಹಿಂದಕ್ಕೆ ತಪ್ಪಿದ್ದರೆ ಒಂದೇ ದಿಕ್ಕಿನ ಎಕ್ಸ್‌ರೇಯಲ್ಲಿ ಅದೂ ಕಣ್ಣು ತಪ್ಪಿಸಬಹುದು. ಆದುದರಿಂದ "ಎಕ್ಸ್‌ರೇ ಸರಿಯಿದೆ" ಎಂಬುದು "ಭುಜ ಸರಿಯಿದೆ" ಎಂದಾಗುವುದಿಲ್ಲ. ಸ್ವತಃ ಎತ್ತಲಾಗದ ಕೈಯನ್ನು ವೈದ್ಯರು ಮೆಲ್ಲನೆ ಎತ್ತಿದಾಗ ಏಳುತ್ತದೆ ಎಂದಾದರೆ ರೊಟೇಟರ್ ಕಫ್ ಹರಿದಿರುವ ಶಂಕೆ ಬರುತ್ತದೆ. ಆಗ ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಬೇಕಾಗುತ್ತದೆ. ಪೆಟ್ಟಿನಿಂದ ಪೂರ್ತಿ ಹರಿದದ್ದನ್ನು ಕೆಲವು ವಾರಗಳ ಒಳಗೆ ಗುರುತಿಸಿದರೆ ಹೊಲಿದು ಸರಿಪಡಿಸುವುದು ಸುಲಭ. ತಿಂಗಳುಗಳು ಕಳೆದಂತೆ ರಜ್ಜು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಸ್ನಾಯು ಸೊರಗಿ ಅದರಲ್ಲಿ ಕೊಬ್ಬು ತುಂಬುತ್ತದೆ. ನಮ್ಮ ಹಿರಿಯರು ಕಳೆದುಕೊಂಡದ್ದು ಈ ವಾರಗಳನ್ನೇ.

ಗಂಭೀರವಾದದ್ದೇನೂ ಇಲ್ಲವೆಂದು ವೈದ್ಯರು ಹೇಳಿದರೆ ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15-20 ನಿಮಿಷ ಇಡಬಹುದು. ಭಾರ ಎತ್ತಬಾರದು, ತಿಕ್ಕಬಾರದು. ನೋವಿನ ಮಾತ್ರೆಯನ್ನು, ಅದರಲ್ಲೂ ಮೂತ್ರಪಿಂಡ ಅಥವಾ ರಕ್ತದೊತ್ತಡದ ತೊಂದರೆ ಇರುವವರು, ಕೇಳದೆ ನುಂಗಬಾರದು. ವೈದ್ಯರು ಒಪ್ಪಿದ ಬಳಿಕ ಮೇಜಿಗೆ ಒಂದು ಕೈ ಊರಿ ಬಗ್ಗಿ, ನೋವಿರುವ ಕೈಯನ್ನು ಗಡಿಯಾರದ ಲೋಲಕದಂತೆ ಇಳಿಬಿಟ್ಟು ಮೆಲ್ಲನೆ ತೂಗಬಹುದು. ಮುಂದೆ ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುತ್ತಾ ದಿನಕ್ಕೆ ಸ್ವಲ್ಪ ಸ್ವಲ್ಪ ಮೇಲೇರಿಸಬಹುದು.

ನೋವಿನ ಭಯದಿಂದ ಕೈಯನ್ನು ವಾರಗಟ್ಟಲೆ ಎದೆಗೆ ಒತ್ತಿ ಹಿಡಿದರೆ ಇನ್ನೊಂದು ತೊಂದರೆ ಬರುತ್ತದೆ. ಕೀಲಿನ ಸುತ್ತಲಿನ ಚೀಲ ದಪ್ಪಗಾಗಿ ಬಿಗಿದುಕೊಳ್ಳುತ್ತದೆ. ಇದನ್ನು ಫ್ರೋಜನ್ ಶೋಲ್ಡರ್ ಎನ್ನುತ್ತಾರೆ. 40ರಿಂದ 60ರ ವಯಸ್ಸಿನವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ಮನೆಮನೆಯಲ್ಲಿ ಸಕ್ಕರೆ ಕಾಯಿಲೆಯಿರುವ ನಮ್ಮ ಕರಾವಳಿಯಲ್ಲಿ ಇದನ್ನು ಹಗುರವಾಗಿ ಕಾಣುವಂತಿಲ್ಲ.

ಯಾರ ಬಳಿ ಹೋಗಬೇಕು?

ಕ್ರಮ ಹೀಗಿರಲಿ. ಮೊದಲು ವೈದ್ಯರು, ಅಗತ್ಯವಿದ್ದರೆ ಎಲುಬು ತಜ್ಞರು. ರೋಗ ಯಾವುದೆಂದು ತಿಳಿದ ಬಳಿಕ ಫಿಸಿಯೋಥೆರಪಿ. ಕೈರೊಪ್ರಾಕ್ಟರ್ ಮಾಡುವ ಕೈಚಿಕಿತ್ಸೆಯ ಬಹುಭಾಗವನ್ನು ತರಬೇತಾದ ಫಿಸಿಯೋಥೆರಪಿಸ್ಟರೂ ಮಾಡುತ್ತಾರೆ. ಅವರು ನಮ್ಮ ಜಿಲ್ಲೆಗಳ ಆಸ್ಪತ್ರೆಗಳಲ್ಲಿಯೇ ಸಿಗುತ್ತಾರೆ. 2021ರ ಕಾಯಿದೆಯ ಪ್ರಕಾರ ಅವರದು ಮಾನ್ಯತೆ ಪಡೆದ ವೃತ್ತಿ.

ವಿದೇಶದಲ್ಲಿರುವವರು ಅಥವಾ ನಗರಗಳಲ್ಲಿ ಇರುವವರು ಕೈರೊಪ್ರಾಕ್ಟರ್ ಬಳಿಗೆ ಹೋಗುವುದಾದರೆ ನಾಲ್ಕು ಪ್ರಶ್ನೆ ಕೇಳಬೇಕು. ಎಲ್ಲಿ ಓದಿದ್ದೀರಿ, ಪರವಾನಗಿ ಇದೆಯೇ? ನನ್ನ ನೋವಿಗೆ ಕಾರಣ ಏನೆಂದು ನಿಮ್ಮ ಅಭಿಪ್ರಾಯ? ಕುತ್ತಿಗೆ ತಿರುಗಿಸದೆ ಚಿಕಿತ್ಸೆ ಮಾಡಬಹುದೇ? ಎಷ್ಟು ವಾರಗಳಲ್ಲಿ ಗುಣ ಕಾಣಬೇಕು, ಕಾಣದಿದ್ದರೆ ಮುಂದೇನು? ಇವುಗಳಿಗೆ ಬೇಸರಿಸದೆ ಉತ್ತರಿಸುವವರು ನಂಬಿಕೆಗೆ ಅರ್ಹರು. ಮೊದಲ ದಿನವೇ ಮೂವತ್ತು ನಲವತ್ತು ಭೇಟಿಗಳ ಹಣ ಮುಂಗಡ ಕಟ್ಟಬೇಕೆನ್ನುವವರು, ವೈದ್ಯರ ಮಾತ್ರೆ ಬಿಡಿ ಎನ್ನುವವರು, ಸಕ್ಕರೆ ಕಾಯಿಲೆಯೂ ಇದರಿಂದಲೇ ವಾಸಿಯಾಗುತ್ತದೆ ಎನ್ನುವವರು ಸಿಕ್ಕಿದರೆ ಎದ್ದು ಬರುವುದೇ ಲೇಸು. ನಾಲ್ಕರಿಂದ ಆರು ವಾರಗಳಲ್ಲಿ ಏನೂ ವ್ಯತ್ಯಾಸ ಕಾಣದಿದ್ದರೆ ಪುನಃ ವೈದ್ಯರನ್ನು ಕಾಣಬೇಕು.

ಖರ್ಚಿಗೆ ಹೆದರಿ ಮೊದಲ ಪರೀಕ್ಷೆಯನ್ನು ಮುಂದೂಡುವವರು ಇದ್ದಾರೆ. ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆಗೆ ಕೇಂದ್ರ ಸರಕಾರ 2025ರ ಮೇ ತಿಂಗಳಲ್ಲಿ ಅಧಿಸೂಚನೆ ಹೊರಡಿಸಿದೆ. ಆಸ್ಪತ್ರೆಯಲ್ಲಿ ಈ ಬಗ್ಗೆ ವಿಚಾರಿಸಿ. ಮೊದಲ ದಿನದ ಚೀಟಿ, ಎಕ್ಸ್‌ರೇ, ಬಿಲ್ಲುಗಳನ್ನು ಜೋಪಾನವಾಗಿ ಇಡಿ. ಮುಂದೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕುವುದಾದರೆ ಭುಜದ ಗಾಯ ಅಪಘಾತದ್ದೇ ಎಂದು ತೋರಿಸಲು ಅವೇ ಆಧಾರ. ಉಳುಕು ತೆಗೆಯುವವರು ಚೀಟಿ ಬರೆದುಕೊಡುವುದಿಲ್ಲ.

ಕೊನೆಯದಾಗಿ ಒಂದು ಮಾತು. ಕೈಯಿಂದ ಮಾಡುವ ಚಿಕಿತ್ಸೆಯನ್ನು ನಾವು ತಿರಸ್ಕರಿಸುವುದಿಲ್ಲ. ನೋಯುವ ಜಾಗವನ್ನು ಮುಟ್ಟಿ, ವಿಚಾರಿಸಿ, ಸಮಯ ಕೊಡುವವರ ಬಳಿಗೆ ರೋಗಿಗಳು ಹೋಗುವುದು ಸಹಜ. ಎರಡು ನಿಮಿಷದಲ್ಲಿ ಚೀಟಿ ಬರೆದು ಕಳುಹಿಸುವ ಆಸ್ಪತ್ರೆಗಳೂ ಇದರಿಂದ ಕಲಿಯುವುದಿದೆ. ಆದರೆ ಒಳಗೆ ಏನಾಗಿದೆ ಎಂದು ತಿಳಿಯುವ ಮೊದಲು ಯಾರೂ ಭುಜವನ್ನು ಎಳೆಯದಿರಲಿ, ಕುತ್ತಿಗೆಯನ್ನು ತಿರುಗಿಸದಿರಲಿ. ಅಪಘಾತವಾದ ಮನೆಯವರಿಗೆ ಫೋನ್ ಮಾಡುವಾಗ "ಕಾರಿಗೆ ಎಷ್ಟು ಡ್ಯಾಮೇಜ್ ಆಯಿತು?" ಎಂದು ಕೇಳುವ ಜತೆಗೆ "ಕೈ ಮೇಲೆ ಎತ್ತಲು ಆಗುತ್ತದೆಯೇ? ಎರಡನೇ ಸಲ ಡಾಕ್ಟರಿಗೆ ತೋರಿಸಿದಿರಾ?" ಎಂದೂ ಕೇಳೋಣ. ನಮ್ಮ ಹಿರಿಯರಿಗೆ ಆ ದಿನಗಳಲ್ಲಿ ನಾವು ಯಾರೂ ಅದನ್ನು ಕೇಳಿರಲಿಲ್ಲ.